ಪರದೆಯಲ್ಲೊಂದು ಕಿಟಕಿ

ಮಾರ್ಚ್ 3, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತದೆ. ಕಾಗದವಾದರೂ ಎದ್ದು ಹೋಗುವುದಿಲ್ಲ.

ನಗರಸಭೆಯಿಂದ ಪತ್ರ ಬಂದಿದೆ. ನಮ್ಮ ಡ್ರೈವ್-ಇನ್ ಚಿತ್ರಮಂದಿರದ ಮೈದಾನದ ಮೇಲೆ ಹೊಸ ರಸ್ತೆ ಹಾಯುತ್ತದಂತೆ, ಪರದೆಯನ್ನು ಕೆಡವುತ್ತಾರಂತೆ. ಉಳಿಸಿಕೊಳ್ಳಲು ಒಂದೇ ದಾರಿ. ಹಳೆಯ ಕಟ್ಟಡಗಳ ಸಮಿತಿಯವರು 28ನೇ ತಾರೀಕು ಸಂಜೆ ಆಟ ನೋಡಲು ಬರುತ್ತಾರೆ. ಅದಕ್ಕೆ ಮುಂಚೆ ಚಿತ್ರಮಂದಿರದ ಇತಿಹಾಸವನ್ನು ಮೂವತ್ತು ಪುಟ ಮೀರದಂತೆ ಬರೆದು ಒಪ್ಪಿಸಬೇಕು. ಅವರಿಗೆ ಹಿಡಿಸಿದರೆ ಪರದೆ ಸಂರಕ್ಷಿತ ಪಟ್ಟಿಗೆ ಸೇರುತ್ತದೆ, ರಸ್ತೆ ಪಕ್ಕಕ್ಕೆ ಸರಿಯುತ್ತದೆ. ಹಿಡಿಸದಿದ್ದರೆ ನಾವು ಸರಿಯಬೇಕು.

ಬರೆಯುವವನು ನಾನೇ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಈ ಊರಿನ ಅರ್ಧ ಮನೆಗಳ ಉದ್ದಗಲ ನನ್ನ ಕೈಬರಹದಲ್ಲಿದೆ. ಅಭ್ಯಾಸವಾಗಲಿ ಎಂದು ಇಲ್ಲೇ ಮೊದಲಿನಿಂದ ಬರೆದು ನೋಡುತ್ತೇನೆ.

ಚಿತ್ರಮಂದಿರವನ್ನು ಕಟ್ಟಿದವರು ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ನಲವತ್ತೆಂಟು ವರ್ಷದ ಹಿಂದೆ. ಅದಕ್ಕೂ ಮುಂಚೆ ಅಲ್ಲಿ ಇಟ್ಟಿಗೆಗೂಡು ಇತ್ತು. ಜನ ಕಾರು ತಂದು, ಮುಂದಿನ ಚಕ್ರಗಳನ್ನು ದಿಣ್ಣೆಗೆ ಹತ್ತಿಸಿ ನಿಲ್ಲಿಸಿ, ಕಂಬದ ಸ್ಪೀಕರನ್ನು ಕಾರಿನ ಗಾಜಿಗೆ ಸಿಕ್ಕಿಸಿಕೊಂಡು ಕೂತಲ್ಲೇ ಸಿನಿಮಾ ನೋಡುತ್ತಾರೆ. ಮೈದಾನದ ಆ ತುದಿಯಲ್ಲಿ ಪ್ರೊಜೆಕ್ಟರ್ ಕ್ಯಾಬಿನ್, ಈ ತುದಿಯಲ್ಲಿ ಪರದೆ. ಕ್ಯಾಬಿನ್ ಬಿಟ್ಟರೆ ಮಾವನಿಗೆ ಒಂದೇ ಒಂದು ಕಟ್ಟಡಕ್ಕೆ ಪರವಾನಗಿ ಸಿಕ್ಕಿತ್ತು. ಪರದೆ ಕಟ್ಟಿದರೆ ಮನೆಯಿಲ್ಲ, ಮನೆ ಕಟ್ಟಿದರೆ ಪರದೆಯಿಲ್ಲ. ಮಾವ ಮನೆಯನ್ನು ಪರದೆಯೊಳಗೇ ಇಟ್ಟುಬಿಟ್ಟರು.

ಅರವತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ, ಮೂರು ಅಂತಸ್ತು. ಮುಂದಿನ ಗೋಡೆಯ ಹೊರಮೈಯೇ ಪರದೆ. ಹೊರಗೆ ಹೀರೋ ಕತ್ತಿ ಬೀಸುತ್ತಿದ್ದರೆ ಒಳಗೆ ನಾವು ಈರುಳ್ಳಿ ಹೆಚ್ಚುತ್ತಿರುತ್ತೇವೆ. ಜಗಳವಾಡಿ ಮುಖ ತಿರುಗಿಸಿಕೊಂಡು ಹೋಗೋಣವೆಂದರೆ ನಾಲ್ಕನೇ ಹೆಜ್ಜೆಗೆ ಮೂಗು ಗೋಡೆಗೆ ತಾಗುತ್ತದೆ.

ಮನೆಯ ನಕ್ಷೆ ಬರೆದವನು ಒಬ್ಬ, ಪರದೆಯ ನಕ್ಷೆ ಬರೆದವನು ಇನ್ನೊಬ್ಬ. ಮೇಸ್ತ್ರಿ ಬಹಳ ವಿಧೇಯ ಮನುಷ್ಯ, ಎರಡರಲ್ಲೂ ಇದ್ದದ್ದನ್ನೆಲ್ಲ ಕಟ್ಟಿದ. ಮನೆಯ ನಕ್ಷೆಯಲ್ಲಿ ಅಡುಗೆಮನೆಗೊಂದು ಕಿಟಕಿ ಇತ್ತು. ಹಾಗಾಗಿ ಪರದೆಯ ನಟ್ಟನಡುವೆ, ನೆಲದಿಂದ ಇಪ್ಪತ್ತೆರಡು ಅಡಿ ಎತ್ತರದಲ್ಲಿ, ಮೂರು ಅಡಿಗೆ ಎರಡೂವರೆ ಅಡಿಯ ಒಂದು ಕಿಟಕಿ ಇದೆ.

ಮುಚ್ಚಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕದಗಳಿಗೂ ಬಿಳಿ ಬಣ್ಣವೇ. ಆದರೆ ನನ್ನ ಅತ್ತೆ ಅದನ್ನು ಮುಚ್ಚಿಡುವವರಲ್ಲ. ಪ್ರತಿದಿನ ಆಟ ನಡೆಯುವಾಗ ಒಂದು ಸಲ ಕದ ತೆರೆದು ತಲೆ ಹೊರಗೆ ಹಾಕುತ್ತಾರೆ. ಹೀರೋಯಿನ್ ಹಾಡುತ್ತಿರಲಿ, ವಿಲನ್ ಸಾಯುತ್ತಿರಲಿ, ಅವರ ಹೊಟ್ಟೆಯಿಂದಲೋ ಹಣೆಯಿಂದಲೋ ಅತ್ತೆ ಹೊರಬರುತ್ತಾರೆ. ನೆಪಕ್ಕೆ ಏನಾದರೂ ಝಾಡಿಸುತ್ತಾರೆ ಇಲ್ಲವೇ ಚೆಲ್ಲುತ್ತಾರೆ.

ಈ ಕಿಟಕಿಯ ಸುದ್ದಿ ಇತಿಹಾಸದಲ್ಲಿ ಬರಕೂಡದು. ಬಂದರೆ ಸಮಿತಿಯವರು ಬಿದ್ದು ಬಿದ್ದು ನಕ್ಕು ಬುಲ್ಡೋಜರ್ ಕಳಿಸುತ್ತಾರೆ.

ಆರೂವರೆಗೆ ಸರಿಯಾಗಿ ಊಟ ಮಾಡಿದೆ. ಮನೆ ಅಳಿಯನಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಒಂದು ನಿಮಿಷ ತಪ್ಪಿಸಿಲ್ಲ.

ಮಾರ್ಚ್ 4, ಮಂಗಳವಾರ

ಸಮಿತಿ ಬಂದು ಹೋಗುವ ತನಕ ಕಿಟಕಿಗೆ ಮೊಳೆ ಹೊಡೆಯುತ್ತೇನೆ ಎಂದು ಅತ್ತೆಗೆ ನಯವಾಗಿ ಹೇಳಿದೆ. ಎಪ್ಪತ್ತಾರು ವರ್ಷದ ಹೆಂಗಸು, ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

"ಅಳಿಯಂದ್ರೇ, ನಿಮ್ಮ ಬಾಯಿ ಮುಚ್ಚಿ ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಇಲ್ಲ."

"ಮತ್ತೆ ನನ್ನ ಕಿಟಕಿ ತಂಟೆಗೆ ನೀವ್ಯಾಕೆ ಬರ್ತೀರಿ?"

ಹೆಂಡತಿಗೆ ದೂರು ಹೇಳೋಣವೆಂದು ಕ್ಯಾಬಿನ್ನಿಗೆ ಹೋದೆ. ಮಾವ ತೀರಿಕೊಂಡ ಮೇಲೆ, ಹನ್ನೊಂದು ವರ್ಷದಿಂದ, ಪ್ರೊಜೆಕ್ಟರ್ ನಡೆಸುವವಳು ಅವಳೇ. ಲೆನ್ಸ್ ಒರೆಸುತ್ತಿದ್ದಳು. "ರೀ, ಸಂಜೆ ಗೇಟಿನ ಬಲ್ಬ್ ಬದಲಾಯಿಸಿ," ಅಂದಳು. ನನ್ನ ದೂರಿಗೆ ಸಿಕ್ಕ ಉತ್ತರ ಅದು. ಮನೆ ಅಳಿಯನ ಮಾತಿಗೆ ಇಷ್ಟೇ ಬೆಲೆ.

ಊಟ ಆರೂವರೆಗೆ. ಆಮೇಲೆ ಏಳೂಕಾಲರವರೆಗೆ ಗೇಟಿನಲ್ಲಿ ಟಿಕೆಟ್ ಹರಿದೆ. ಆಮೇಲೆ ಹಿಂಬಾಗಿಲಿಂದ ಒಳಗೆ ಬಂದು ಮಲಗಿದೆ. ಈ ಚಿತ್ರಮಂದಿರದಲ್ಲಿ ನಾನು ಒಂದೇ ಒಂದು ಸಿನಿಮಾವನ್ನು ಮುಂದಿನಿಂದ ನೋಡಿಲ್ಲ. ಕೆಲಸ ಅಂದರೆ ಕೆಲಸ.

ಮಾರ್ಚ್ 6, ಗುರುವಾರ

ಅತ್ತೆ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ್ದಾರೆ. ಆರು ವಾರ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದರು. ಅವರ ಮಂಚವನ್ನು ಕೆಳಗಿನ ನನ್ನ ಕೋಣೆಗೆ ತಂದೆವು. ನಾನು ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಹೋದೆ.

ಪಾಪ, ಬಹಳ ನೋವು. ಹಾಗೆ ನೋಡಿದರೆ ಕಿಟಕಿ ತಾನಾಗಿಯೇ ಮುಚ್ಚಿದಂತಾಯಿತು. ಇದನ್ನು ಬರೆಯಬಾರದಿತ್ತು.

ಮಾರ್ಚ್ 9, ಭಾನುವಾರ

ಅಡುಗೆ ಈಗ ನನ್ನ ತಲೆಗೆ ಬಿದ್ದಿದೆ. ಹೆಂಡತಿ ಐದಕ್ಕೇ ಕ್ಯಾಬಿನ್ ಸೇರುತ್ತಾಳೆ. ಮೂರು ದಿನ ಬೇಯಿಸಿದ ಮೊಟ್ಟೆ. ನಾನು, ಅತ್ತೆ ಆರೂವರೆಗೆ ತಿಂದೆವು. ಅವಳದ್ದನ್ನು ತಟ್ಟೆ ಮುಚ್ಚಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧ ಹಾಗೇ ಇತ್ತು.

ಇತಿಹಾಸಕ್ಕೆಂದು ಮೊದಲ ಸಂದರ್ಶನ: ಹಲ್ಲಿನ ಡಾಕ್ಟರು. ನಲವತ್ತು ವರ್ಷದ ಗಿರಾಕಿ. ಸುಮ್ಮನೆ ಮಾತಿಗೆ ಸಿಗುವುದಿಲ್ಲವೆಂದು ಹಲ್ಲು ತೋರಿಸುವ ನೆಪ ಮಾಡಿಕೊಂಡು ಹೋಗಿದ್ದೆ. ನನ್ನ ಬಾಯಲ್ಲಿ ಕನ್ನಡಿ ತುರುಕಿಕೊಂಡೇ ಮಾತಾಡಿದರು.

"ಮೊದಲು ನೋಡಿದ ಸಿನಿಮಾನಾ? ಹೆಸರು ಯಾರಿಗ್ರೀ ನೆನಪಿರುತ್ತೆ! ಕೋರ್ಟ್ ಸೀನು. 'ಇದಕ್ಕೆ ಸಾಕ್ಷಿ ಇದೆಯಾ?' ಅಂತ ಜಡ್ಜು ಗುಡುಗಿದ. ಅಷ್ಟೊತ್ತಿಗೆ ಜಡ್ಜ್ ಹೊಟ್ಟೆ ತೆಕ್ಕೊಂಡು ನಿಮ್ಮತ್ತೆ ಬಂದ್ರು ನೋಡಿ! ಸುತ್ತ ಒಂದ್ಸಲ ನೋಡಿ, ಚಹಾ ಚರಟ ಚೆಲ್ಲಿ, ಒಳಗೆ ಹೋದ್ರು. ಇನ್ನೂರು ಕಾರು ಒಟ್ಟಿಗೆ ಹಾರ್ನ್ ಹೊಡೆದ್ವು. ನಾನಂತೂ ನಗ್ತಾ ನಗ್ತಾ ಸ್ಪೀಕರ್ ತೆಗೆಯೋದು ಮರೆತು ಕಾರು ಹೊರಡಿಸಿಬಿಟ್ಟೆ. ಇನ್ನೂ ಮನೇಲಿದೆ, ಬೇಕಾ?"

ಬೇಡ ಅನ್ನಲು ಬಾಯಿ ಖಾಲಿ ಇರಲಿಲ್ಲ. ಒಂದು ಹಲ್ಲು ಕಿತ್ತರು. ಮನೆಗೆ ಬಂದು ಬರೆದೆ: "ಇಲ್ಲಿನ ಪ್ರದರ್ಶನಗಳ ಗುಣಮಟ್ಟವನ್ನು ನಗರದ ಹಿರಿಯ ದಂತವೈದ್ಯರು ಮುಕ್ತಕಂಠದಿಂದ ಹೊಗಳಿದ್ದಾರೆ."

ಮಾರ್ಚ್ 12, ಬುಧವಾರ

ಪಂಕ್ಚರ್ ಅಂಗಡಿಯವನು ನಂಬಿಕಸ್ಥ. ಅವನಾದರೂ ಸಿನಿಮಾ ಬಗ್ಗೆ ಮಾತಾಡಿಯಾನು ಅಂದುಕೊಂಡೆ.

"ಹೀರೋಯಿನ್ ಸಾಯ್ತಾ ಇದ್ಲು ಸಾರ್. ನಾನು ಗಳಗಳ ಅಳ್ತಾ ಇದ್ದೆ. ಅವಳ ಕೆನ್ನೆ ಮೇಲೆ ಕಿಟಕಿ ತೆರೀತು. ಅಜ್ಜಿ ಒಂದು ಒರೆಸೋ ಬಟ್ಟೆ ಝಾಡಿಸಿದ್ರು. ಸಾಯೋಳ ಕಣ್ಣೀರು ಒರೆಸಿದಂಗೇ ಕಾಣ್ತು ಸಾರ್. ಎಷ್ಟು ಸಮಾಧಾನ ಆಯ್ತು ಅಂತೀರಿ!"

"ಬೇರೆ ಏನಾದ್ರೂ ನೆನಪಿದೆಯಾ?"

"ಇಲ್ದೆ ಏನು. ಪಕ್ಕದ ಸೀಟಲ್ಲಿ ಹುಡುಗಿ ಕೂತಿದ್ಲು. ಮದುವೆ ಆಗ್ತೀಯಾ ಅಂತ ಕೇಳೋಕೆ ಧೈರ್ಯ ಇಲ್ಲ. ಅಜ್ಜಿ ಕಿಟಕಿ ತೆಗೆದ ತಕ್ಷಣ ಕೇಳ್ತೀನಿ ಅಂತ ಮನಸ್ಸಲ್ಲೇ ಪಣ ತೊಟ್ಟಿದ್ದೆ. ತೆಗೆದ್ರು, ಕೇಳಿದೆ. ಈಗ ನಮ್ಮನೇಲೇ ಇದಾಳೆ, ಕರೀಲಾ?"

ಆಮೇಲೆ ಟೈರನ್ನು ಪಕ್ಕಕ್ಕಿಟ್ಟು ಗುಟ್ಟು ಕೇಳುವವನಂತೆ ಹತ್ತಿರ ಬಂದ. "ಹೌದಾ ಸಾರ್, ಆರು ದಿನದಿಂದ ಕಿಟಕಿ ತೆರೀತಿಲ್ವಂತೆ? ಅಜ್ಜಿ ಚೆನ್ನಾಗಿದಾರೆ ತಾನೇ?"

ಈ ಊರಿಗೇನು ತಲೆ ಕೆಟ್ಟಿದೆಯೇ! ಹನ್ನೊಂದು ಜನರನ್ನು ಕೇಳಿದ್ದೇನೆ. ಒಬ್ಬರಿಗೂ ಒಂದು ಸಿನಿಮಾದ ಹೆಸರು ಗೊತ್ತಿಲ್ಲ. ನಲವತ್ತೆಂಟು ವರ್ಷ ಜನ ಇಲ್ಲಿ ಏನು ನೋಡಿದರೋ ಆ ದೇವರೇ ಬಲ್ಲ.

ಆಲೂಗಡ್ಡೆ ಹುರಿದೆ. ಸೀದುಹೋಯಿತು. ಊಟ ಆರೂ ಮುಕ್ಕಾಲಾಯಿತು.

ಮಾರ್ಚ್ 15, ಶನಿವಾರ

ಸಿಕ್ಕಿತು! ಮಾವನ ಪ್ರದರ್ಶನ ಪುಸ್ತಕಗಳು ಕ್ಯಾಬಿನ್ನಿನ ಅಟ್ಟದ ಮೇಲಿದ್ದವು. ದಿನಕ್ಕೊಂದು ಸಾಲು: ತಾರೀಕು, ಹವಾಮಾನ, ಕೊನೆಯಲ್ಲಿ ಎರಡು ಸಮಯ. 7:52, 7:53. ಮರುದಿನ 7:47, 7:48. ಹೀಗೇ ಸಾವಿರಾರು ದಿನ. ಏನೆಂದು ತಲೆಬರಹವಿಲ್ಲ.

ನೋಂದಣಿ ಕಚೇರಿಯವನಿಗೆ ಇಷ್ಟು ಸಾಕು. ಕರೆಂಟ್ ಹೋದ ಸಮಯ, ಬಂದ ಸಮಯ. ಅದಲ್ಲದೆ ಇನ್ನೇನು? ಆ ಕಾಲದಲ್ಲಿ ಪ್ರತಿದಿನ ಏಳೂ ಐವತ್ತರ ಆಸುಪಾಸಿನಲ್ಲಿ ಕರೆಂಟ್ ಒಂದು ನಿಮಿಷ ಹೋಗಿ ಬರುತ್ತಿತ್ತು. ಎಂಥ ಶಿಸ್ತು! ಸರಾಸರಿ ತೆಗೆದು ಎರಡು ಪುಟ ಬರೆದೆ. ಒಂದು ಕಡೆ ಮಾತ್ರ ಸಾಲಾಗಿ ಮೂರು ದಿನ ಕರೆಂಟ್ ಹೋದ ಸಮಯವಿದೆ, ಬಂದ ಸಮಯವಿಲ್ಲ. ಆದರೂ ಆಟ ಪೂರ್ತಿ ನಡೆದಿದೆ. ಇದು ಹೇಗೆಂದು ತಿಳಿಯದೆ ಅಡಿಟಿಪ್ಪಣಿಗೆ ಹಾಕಿದೆ.

ಮಾವನ ನಂತರದ ಪುಸ್ತಕಗಳು ಹೆಂಡತಿಯ ಕೈಬರಹದಲ್ಲಿವೆ. ಅವಳೂ ಎರಡೂ ಸಮಯ ಬರೆದಿಟ್ಟಿದ್ದಾಳೆ. ಈ ತಿಂಗಳ ಆರರಿಂದ ಎರಡೂ ಖಾಲಿ. ಅಂದರೆ ಅತ್ತೆ ಬಿದ್ದ ದಿನದಿಂದ ಕರೆಂಟ್ ಒಮ್ಮೆಯೂ ಹೋಗಿಲ್ಲ. ಇದನ್ನೂ ಬರೆದುಕೊಂಡೆ.

"ನಿಮ್ಮಪ್ಪನ ಕಾಲದಲ್ಲಿ ಕರೆಂಟಿಗೆ ಎಷ್ಟು ಶಿಸ್ತಿತ್ತು ನೋಡು," ಅಂದೆ ಹೆಂಡತಿಗೆ.

ಬಹಳ ಹೊತ್ತು ನನ್ನ ಮುಖ ನೋಡಿದಳು. "ಹೌದು. ಬಹಳ ಶಿಸ್ತು," ಅಂದು ಪ್ರೊಜೆಕ್ಟರಿನ ಕಡೆ ತಿರುಗಿದಳು. ಮೆಚ್ಚಿಕೊಂಡಳು ಅಂತ ಕಾಣುತ್ತದೆ.

ಮಾರ್ಚ್ 19, ಬುಧವಾರ

ಮೂರು ದಿನದಿಂದ ಗೇಟಿನಲ್ಲಿ ಗಲಾಟೆ. ಜನ ಟಿಕೆಟ್ ಕೊಳ್ಳುವ ಮುಂಚೆ ಕೇಳುತ್ತಾರೆ, "ಇವತ್ತು ತೆಗೀತಾರಾ?" ಇಲ್ಲ ಅಂದರೆ ಕೆಲವರು ಕಾರು ತಿರುಗಿಸಿಕೊಂಡು ಹೋಗುತ್ತಾರೆ. ಒಬ್ಬಾಕೆ, "ಹಾಗಾದ್ರೆ ಬರೀ ಸಿನಿಮಾ ನೋಡ್ಬೇಕಾ?" ಎಂದು ಮೋಸಹೋದವಳಂತೆ ಕೂಗಾಡಿದಳು. ಬರೀ ಸಿನಿಮಾ! ಚಿತ್ರಮಂದಿರದ ಗೇಟಿನಲ್ಲಿ ನಿಂತು ಕೇಳುವ ಮಾತೇ ಇದು?

ಆಲೂಗಡ್ಡೆಗೆ ಮೊದಲೇ ಉಪ್ಪು ಹಾಕಿದರೆ ನೀರು ಬಿಡುತ್ತದೆ, ಕೊನೆಗೆ ಹಾಕಬೇಕು. ಅತ್ತೆ ಕೆಳಗಿನಿಂದಲೇ ಕೂಗಿ ಹೇಳಿಕೊಟ್ಟರು. ವಾಸನೆಯಿಂದಲೇ ಕಂಡುಹಿಡಿಯುತ್ತಾರೆ. ಇವತ್ತಿನದು ಸುಮಾರಾಗಿ ಆಗಿತ್ತು. ಬಿಸಿ ಆರದಿರಲಿ ಎಂದು ಹೆಂಡತಿಯ ಪಾಲನ್ನು ಒಲೆಯ ಪಕ್ಕವೇ ಇಟ್ಟೆ. ಬೆಳಿಗ್ಗೆ ತಟ್ಟೆ ಖಾಲಿಯಿತ್ತು. ಇದರಲ್ಲಿ ಬರೆದಿಡುವಂಥದ್ದೇನೂ ಇಲ್ಲ.

ಮಾರ್ಚ್ 25, ಮಂಗಳವಾರ

ಇತಿಹಾಸ ಮುಗಿಯಿತು. ಮೂವತ್ತು ಪುಟ. ಕಿಟಕಿ ಎಂಬ ಪದ ಒಂದು ಕಡೆಯೂ ಇಲ್ಲ. ಇಪ್ಪತ್ತೊಂಬತ್ತನೇ ಪುಟದಲ್ಲಿ ಮೊದಲು "ಪರದೆಯಲ್ಲಿ ಬಿರುಕಾಗಲಿ, ರಂಧ್ರವಾಗಲಿ, ಕಿಟಕಿಯಾಗಲಿ ಇಲ್ಲ" ಎಂದು ಬರೆದಿದ್ದೆ. ಓದಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಿತ್ತು. ಹೊಡೆದುಹಾಕಿ "ಪರದೆಯಲ್ಲಿ ಯಾವುದೇ ತೆರಪು ಇರುವುದಿಲ್ಲವೆಂದು ಪ್ರಮಾಣೀಕರಿಸುತ್ತೇನೆ" ಎಂದು ಬರೆದು ಸಹಿ ಹಾಕಿದೆ. ನನ್ನ ಸಹಿ ಬಿದ್ದ ಕಾಗದ ಇವತ್ತಿನವರೆಗೆ ಸುಳ್ಳಾಗಿಲ್ಲ. ಹಾಗಾಗಿ ಸಂಜೆ ಕಿಟಕಿಗೆ ಹನ್ನೊಂದು ಮೊಳೆ ಹೊಡೆದು, ಏಣಿ ಹಾಕಿಕೊಂಡು ಹೊರಗಿನಿಂದ ಬಿಳಿ ಬಣ್ಣ ಬಳಿದೆ.

ಸುತ್ತಿಗೆಯ ಸದ್ದು ಅತ್ತೆಗೆ ಕೇಳಿಸಿರಬೇಕು. ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 27, ಗುರುವಾರ

ನಿನ್ನೆ ಇತಿಹಾಸದ ಪ್ರತಿಯನ್ನು ನಗರಸಭೆಗೆ ಕೊಟ್ಟು ರಸೀದಿ ಪಡೆದೆ. ಇವತ್ತು ಮಧ್ಯಾಹ್ನ ನನ್ನ ಪ್ರತಿಯನ್ನು ಅತ್ತೆಗೆ ಓದಿ ಹೇಳಿದೆ. ಹಾಸಿಗೆ ಹಿಡಿದವರಿಗೆ ಹೊತ್ತು ಹೋಗಲಿ ಅಂತ. ಹದಿಮೂರು ಪುಟ ಕಣ್ಣು ಮುಚ್ಚಿಕೊಂಡು ಕೇಳಿದರು. ಹದಿನಾಲ್ಕನೇ ಪುಟದ ಕರೆಂಟಿನ ಅಧ್ಯಾಯಕ್ಕೆ ಬಂದಾಗ ಮಂಚ ಅಲ್ಲಾಡತೊಡಗಿತು. ನೋವೇನೋ ಎಂದು ಗಾಬರಿಯಾದೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಳಿಯಂದ್ರೇ, ಅದು ಕರೆಂಟಲ್ಲ. ಅದು ನಾನು."

"ಅಂದ್ರೆ?"

"ಮೊದಲನೇದು ನಾನು ಕಿಟಕಿ ತೆಗೆದ ಹೊತ್ತು. ಅಡುಗೆ ಆಯ್ತು ಅಂತ. ಎರಡನೇದು ನಿಮ್ಮ ಮಾವ ಕೈ ತೋರಿಸಿದ ಹೊತ್ತು. ಪ್ರೊಜೆಕ್ಟರ್ ಬೆಳಕಿಗೆ ಕೈ ಅಡ್ಡ ಹಿಡಿಯೋರು. ಪರದೆ ತುಂಬಾ ಕೈ ಬೀಳೋದು. ನೋಡಿದೆ, ಬರ್ತೀನಿ ಅಂತ."

"ಅಷ್ಟಕ್ಕೆ ಯಾಕೆ ಅಷ್ಟೆಲ್ಲ? ಇಂಥ ಹೊತ್ತಿಗೆ ಊಟ ಅಂತ ನಿಗದಿ ಮಾಡ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

"ನಿಗದಿ ಮಾಡ್ಕೊಂಡ್ರೆ ನೋಡೋದು ಯಾವಾಗ? ಅವರು ಆ ಮೂಲೆ, ನಾನು ಈ ಮೂಲೆ."

ನಾನು ಪುಟ ತಿರುವಿದೆ. ಮೂರು ದಿನದ ಅಡಿಟಿಪ್ಪಣಿ ತೋರಿಸಿದೆ.

"ಅದಾ? ಅವರಿಗೆ 'ನಿಮ್ಮ ಮೀಸೆ ಚೆನ್ನಾಗಿಲ್ಲ' ಅಂದಿದ್ದೆ. ಮೂರು ದಿನ ಕೈ ತೋರಿಸ್ಲಿಲ್ಲ. ಊಟಕ್ಕೆ ಮಾತ್ರ ಸರಿಯಾಗಿ ಬರೋರು."

ಆಮೇಲೆ ಅವರೇ ಮಾವನ ಕೊನೆಯ ಪುಸ್ತಕ ತರಿಸಿ ಕೊನೆಯ ಸಾಲು ಓದಿ ಅಂದರು. ಮೋಡ ಕವಿದಿದೆ. 7:49. ಮುಂದೆ ಖಾಲಿ.

"ಅವತ್ತು ಕೈ ಬರ್ಲಿಲ್ಲ. ಮತ್ತೆ ಏನಂದೆನೋ ನಾನು ಅಂತ ಯೋಚನೆ ಮಾಡ್ತಾ ಕಿಟಕೀಲೇ ನಿಂತಿದ್ದೆ. ರೀಲು ಮುಗಿದು ಪರದೆ ಬೆಳ್ಳಗಾಯ್ತು, ಆಗ ಗೊತ್ತಾಯ್ತು. ಕುರ್ಚೀಲೇ ಹೋಗಿದ್ರು." ಪ್ಲಾಸ್ಟರ್ ಕೆರೆದುಕೊಂಡರು. "ಆದ್ರೆ ನನ್ನ ನೋಡಿದ್ರು, ಅಳಿಯಂದ್ರೇ. ಹೊತ್ತು ಬರ್ದಿದಾರಲ್ಲ."

ಹನ್ನೊಂದು ವರ್ಷದಿಂದ ಮಗಳು ಅಮ್ಮನಿಗೆ ಕೈ ತೋರಿಸುತ್ತಿದ್ದಾಳಂತೆ. ನನಗೆ ಯಾಕೆ ಒಮ್ಮೆಯೂ ಹೇಳಲಿಲ್ಲ ಎಂದು ಕೇಳಿದೆ.

"ನೀವು ಆರೂವರೆಗೇ ಊಟ ಮಾಡ್ಬಿಡ್ತೀರಲ್ಲ," ಅಂದರು ಅತ್ತೆ. ಚುಚ್ಚಿ ಹೇಳಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದರು. ಅದಕ್ಕೇ ನನಗೆ ಸಂಕಟವಾಯಿತು.

ಆದರೂ ನಾಳೆ ಕಿಟಕಿ ಮುಚ್ಚಿಯೇ ಇರಬೇಕು. ಸಹಿ ಹಾಕಿದ್ದೇನೆ. ಮನೆ ಉಳಿಯಬೇಕು.

ಮಾರ್ಚ್ 28, ಶುಕ್ರವಾರ

ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಸಮಿತಿಯ ಅಧ್ಯಕ್ಷೆ ಆರೂ ಐವತ್ತಕ್ಕೆ ಬಂದರು. ಕನ್ನಡಕದ ಗಂಭೀರ ಹೆಂಗಸು, ತೊಡೆಯ ಮೇಲೆ ನನ್ನ ಇತಿಹಾಸ, ಪಕ್ಕದಲ್ಲಿ ರಸ್ತೆಯ ಎಂಜಿನಿಯರ್. ಅವರ ಹಿಂದೆ ಊರಿಗೆ ಊರೇ ಬಂತು. ಹಲ್ಲಿನ ಡಾಕ್ಟರು ಆ ಕದ್ದ ಸ್ಪೀಕರನ್ನೂ ತಂದಿದ್ದರು. ಪಂಕ್ಚರ್ ಅಂಗಡಿಯವನು ಎಂಜಿನ್ನೇ ಇಲ್ಲದ ಒಂದು ಕಾರನ್ನು ಹೆಂಡತಿಯ ಜೊತೆ ತಳ್ಳಿಕೊಂಡು ಬಂದ. ಇನ್ನೂರ ಹನ್ನೆರಡು ಕಾರು.

ಏಳಕ್ಕೆ ಆಟ ಶುರುವಾಯಿತು. ಏಳೂವರೆಗೆ ಒಂದು ಹಾರ್ನ್ ಕೇಳಿಸಿತು. ಆಮೇಲೆ ಎರಡು. ಏಳೂ ನಲವತ್ತಕ್ಕೆ ಮೈದಾನವೆಲ್ಲ ಹಾರ್ನ್. ಅಧ್ಯಕ್ಷೆ ಕಾರಿನ ಗಾಜಿಳಿಸಿ ನನ್ನನ್ನು ಕರೆದರು. "ಇವರೆಲ್ಲ ಏನಕ್ಕೆ ಕಾಯ್ತಿದಾರೆ?"

"ಇಂಟರ್ವಲ್‌ಗೆ ಮೇಡಂ," ಅಂದೆ.

ಹಿಂಬಾಗಿಲಿಂದ ಒಳಗೆ ಓಡಿದೆ. ಗೋಡೆಯಾಚೆ ಹೀರೋಯಿನ್ ಏನೋ ಗೋಳಾಡುತ್ತಿದ್ದಳು, ಹಾರ್ನಿನಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅತ್ತೆ ಕಣ್ಣು ತೆರೆದುಕೊಂಡೇ ಮಲಗಿದ್ದರು.

"ಹೊತ್ತೆಷ್ಟಾಯ್ತು ಅಳಿಯಂದ್ರೇ?"

"ಏಳೂ ನಲವತ್ತೆಂಟು."

"ಹೂಂ," ಅಂದು ಗೋಡೆಯ ಕಡೆ ಮುಖ ಮಾಡಿದರು. ಅಷ್ಟೇ. ತೆಗೆಯಿರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಆ ತುದಿಯ ಕ್ಯಾಬಿನ್ನಿನಲ್ಲಿ ಇವಳು, ನನ್ನ ಹೆಂಡತಿ, ಒಬ್ಬಳೇ ಕೂತಿದ್ದಾಳೆ ಎಂಬುದು ನನಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಮೂರು ವಾರದಿಂದ ಇವಳು ಮುಚ್ಚಿದ ಕಿಟಕಿಯನ್ನು ನೋಡುತ್ತಾ ಕೂತಿದ್ದಾಳೆ. ಆಮೇಲೆ ನಾನು ಏನೂ ಯೋಚಿಸಲಿಲ್ಲ. ಇಕ್ಕಳ ಹಿಡಿದು ಮೆಟ್ಟಿಲು ಹತ್ತಿದೆ.

ಹತ್ತು ಮೊಳೆ ಬಂದವು. ಹನ್ನೊಂದನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾನೇ ಬಳಿದ ಬಣ್ಣ ಬೇರೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹೆಗಲು ಕೊಟ್ಟು ನೂಕಿದೆ. ಕದ ಧಡಾರನೆ ತೆರೆದುಕೊಂಡಿತು, ಸೊಂಟದವರೆಗೆ ಹೊರಗೆ ಬಂದುಬಿಟ್ಟೆ. ಕೈಯಲ್ಲಿ ಇಕ್ಕಳ. ನಾನು ಬಂದದ್ದು ಹೀರೋಯಿನ್ನಿನ ಎಡಗಣ್ಣಿನಿಂದ ಎಂದು ಆಮೇಲೆ ಡಾಕ್ಟರು ಹೇಳಿದರು.

ಕಣ್ಣು ಕುಕ್ಕುವ ಬೆಳಕು. ಏನೂ ಕಾಣಿಸದು. ಹಾರ್ನ್ ಎಲ್ಲ ಒಮ್ಮೆಗೇ ನಿಂತವು. ಅಜ್ಜಿಯ ಬದಲು ಬೋಳುತಲೆಯ ಗುಮಾಸ್ತ ಬಂದದ್ದನ್ನು ನೋಡಿ ಜನಕ್ಕೆ ಏನು ಮಾಡಬೇಕೋ ತೋಚಲಿಲ್ಲ. ನನಗೂ ತೋಚಲಿಲ್ಲ. ಒಳಗೆ ಹೋಗೋಣ ಅಂದುಕೊಂಡೆ.

ಆಗ ಬೆಳಕು ತಂಪಾಯಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಮೇಲೆ, ಗೋಡೆಯ ಮೇಲೆ, ಹೀರೋಯಿನ್ನಿನ ಮುಖದ ತುಂಬ ಒಂದು ಕೈ. ಐದೂ ಬೆರಳು. ಆ ನೆರಳಿನೊಳಗಿನಿಂದ ಎಲ್ಲ ಕಾಣಿಸಿತು: ಸಾಲು ಸಾಲು ಕಾರು, ಗಾಜಿನ ಹಿಂದಿನ ಮುಖಗಳು, ದೂರದಲ್ಲಿ ಕ್ಯಾಬಿನ್ನಿನ ಪುಟ್ಟ ಚೌಕ. ಕೈ ಸ್ವಲ್ಪ ಅಲ್ಲಾಡಿತು. ನನಗೆ ಈ ಜನ್ಮದಲ್ಲಿ ಯಾರೂ ಹಾಗೆ ಕೈ ತೋರಿಸಿರಲಿಲ್ಲ. ಕಣ್ಣೀರು ಬಂತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಇನ್ನೂರ ಹನ್ನೆರಡು ಕಾರು ಹಾರ್ನ್ ಹೊಡೆದವು. ಇನ್ನೂರ ಹದಿಮೂರು. ಅಧ್ಯಕ್ಷೆಯದೂ ಸೇರಿತ್ತಂತೆ.

ಆಗಲೇ ನನಗೆ ನೆನಪಾದದ್ದು. ಊಟ ಮಾಡಿರಲೇ ಇಲ್ಲ! ಸಮಿತಿಯ ಗಡಿಬಿಡಿಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಕಿಟಕಿ ತೆರೆದ ಮೇಲೆ ಊಟ ಇರಲೇಬೇಕು, ಅದು ನಲವತ್ತೆಂಟು ವರ್ಷದ ಕ್ರಮ. ಕದ ಎಳೆದುಕೊಂಡು ಮೊಟ್ಟೆ ಬೇಯಿಸಲು ಇಟ್ಟೆ, ಆಲೂಗಡ್ಡೆ ಹೆಚ್ಚಿದೆ, ಬೆರಳನ್ನೂ ಹೆಚ್ಚಿಕೊಂಡೆ.

ಆಟ ಮುಗಿದ ಮೇಲೆ ಇವಳು ಬಂದಳು. ಒಂಬತ್ತು ಅಡಿಯ ಅಡುಗೆಮನೆಯಲ್ಲಿ ಎದುರುಬದುರು ಕೂತು ತಿಂದೆವು.

"ಉಪ್ಪು ಜಾಸ್ತಿ," ಅಂದಳು.

"ನಾಳೆ ಕಮ್ಮಿ ಹಾಕ್ತೀನಿ," ಅಂದೆ.

ಮಾರ್ಚ್ 29, ಶನಿವಾರ

ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ಎಂದು ಇಡೀ ಊರಿನ ಮುಂದೆ ಸಾಬೀತಾಯಿತು. ಮನೆ ಕಳೆದೆ. ಅಧ್ಯಕ್ಷೆ ನಿನ್ನೆ ಒಂದು ಮಾತೂ ಆಡದೆ ಮಾವನ ಪ್ರದರ್ಶನ ಪುಸ್ತಕಗಳನ್ನು ತೆಗೆದುಕೊಂಡು ಹೋದರು.

ಗುಮಾಸ್ತನಾಗಿ ಮಾಡಬೇಕಾದ್ದನ್ನು ಮಾಡಿದೆ. ನಗರಸಭೆಗೆ ತಿದ್ದುಪಡಿ ಕೊಟ್ಟು ಬಂದೆ: "ಪುಟ 29: 'ಯಾವುದೇ ತೆರಪು ಇರುವುದಿಲ್ಲ' ಎಂಬುದನ್ನು ಹೊಡೆದುಹಾಕುವುದು, ತೆರಪು ಇದೆ. ಪುಟ 14 ಮತ್ತು 15: 'ಕರೆಂಟ್' ಎಂದಿರುವಲ್ಲೆಲ್ಲ 'ಅತ್ತೆ' ಎಂದು ಓದಿಕೊಳ್ಳುವುದು."

ಏಪ್ರಿಲ್ 16, ಬುಧವಾರ

ಪತ್ರ ಬಂತು. ಅತ್ತೆಯ ಮಂಚದ ಪಕ್ಕ ನಿಂತು ಗಟ್ಟಿಯಾಗಿ ಓದಿದೆ.

ಪರದೆಯನ್ನು ಪಟ್ಟಿಗೆ ಸೇರಿಸಿಲ್ಲ. "ಸದರಿ ಪರದೆಯು ಸಾಮಾನ್ಯ ಗೋಡೆಯಾಗಿದ್ದು ಯಾವುದೇ ವಿಶೇಷತೆ ಹೊಂದಿರುವುದಿಲ್ಲ." ನಾನು ಅಲ್ಲಿಗೇ ನಿಲ್ಲಿಸಿದೆ. ಇವಳು ಕಾಗದ ಕಿತ್ತುಕೊಂಡು ಮುಂದೆ ಓದಿದಳು. ಕಿಟಕಿಯನ್ನು ಸೇರಿಸಿದ್ದಾರೆ. ಕಿಟಕಿಯನ್ನು ಮಾತ್ರ. ಮೂರು ಅಡಿಗೆ ಎರಡೂವರೆ. ನಿಬಂಧನೆಗಳು: ಕಿಟಕಿಯು ಈಗಿರುವ ಸ್ಥಳದಲ್ಲಿ, ಈಗಿರುವ ಎತ್ತರದಲ್ಲಿಯೇ ಇರತಕ್ಕದ್ದು. ಪ್ರತಿ ಪ್ರದರ್ಶನದಲ್ಲಿ ಒಮ್ಮೆ ತೆರೆಯತಕ್ಕದ್ದು. ಕಾರಣವಿಲ್ಲದೆ ತೆರೆಯತಕ್ಕದ್ದಲ್ಲ.

ಮಧ್ಯಾಹ್ನ ರಸ್ತೆಯ ಎಂಜಿನಿಯರ್ ಬಂದ. ಗೋಡೆ ಕೆಡವಲು ಅವನಿಗೆ ಅನುಮತಿ ಇದೆ. ಆದರೆ ಕಿಟಕಿ ಇಪ್ಪತ್ತೆರಡು ಅಡಿ ಮೇಲೆ ಹಾಗೇ ಇರಬೇಕು. ಒಂದು ಗಂಟೆ ಕತ್ತೆತ್ತಿಕೊಂಡು ನಿಂತಿದ್ದ. ಟೇಪು ಹಿಡಿದು ನೋಡಿದ, ಎರಡು ಸಲ ಲೆಕ್ಕ ಹಾಕಿದ. ಕೊನೆಗೆ ನೀರು ಕೇಳಿ ಕುಡಿದು, ರಸ್ತೆಯನ್ನೇ ತಿರುಗಿಸುತ್ತೇನೆ ಎಂದು ಹೇಳಿ ಹೊರಟ.

"ನೋಡಿದ್ರಾ ಅಳಿಯಂದ್ರೇ," ಅಂದರು ಅತ್ತೆ. "ಮುಂದಿನ ವಾರ ಪ್ಲಾಸ್ಟರ್ ತೆಗೀತಾರೆ. ಆದ್ರೆ ಈ ಮೆಟ್ಟಿಲು ಇನ್ನು ನನ್ನ ಕೈಲಾಗಲ್ಲ. ಕಿಟಕಿ ನಿಮ್ಮದೇ."

ಏಪ್ರಿಲ್ 17, ಗುರುವಾರ

ನಾನು ನಿಬಂಧನೆ ಮುರಿಯುವವನಲ್ಲ. ಕಾರಣ ಬೇಕಲ್ಲ, ಗೇಟಿನ ಕೆಲಸ ಮುಗಿಸಿ ಬಂದು ಆಲೂಗಡ್ಡೆ ಒಲೆಯ ಮೇಲಿಟ್ಟೆ. ಉಪ್ಪು ಕೊನೆಗೆ, ಕಮ್ಮಿ. ಆದ ಮೇಲೆ ಎಂದಿನಂತೆ ಕಿಟಕಿ ತೆರೆದೆ. ಕೈ ಬಂತು. ಹಾರ್ನ್ ಹೊಡೆದರು.

ಊಟವಾದ ಮೇಲೆ ಇವಳು ತಂದ ಪುಸ್ತಕದಲ್ಲಿ ಇವತ್ತಿನ ಸಾಲು ನೋಡಿದೆ. 7:51, 7:51. ಎರಡೂ ಒಂದೇ. ತಪ್ಪು ಬರೆದಿದ್ದಾಳೆ ಎಂದು ಹಿಂದಿನ ಪುಟಗಳನ್ನು ತಿರುವಿದೆ. ಮಾರ್ಚ್ 28ರಿಂದ, ನಾನು ಕಿಟಕಿ ತೆರೆದ ಪ್ರತಿದಿನವೂ ಹಾಗೇ ಇದೆ. ಮಾವನಿಗೆ ಎದ್ದು ಕೈ ತೋರಿಸಲು ಒಂದು ನಿಮಿಷವಾದರೂ ಬೇಕಾಗುತ್ತಿತ್ತು. ಇವಳಿಗೆ ಅದೂ ಬೇಡವೆಂದರೆ ಹೇಗೆ? ಕಿಟಕಿ ತೆರೆಯುವ ಮುಂಚೆಯೇ ಕೈ ಎತ್ತಿಕೊಂಡು ಕೂತಿರುತ್ತಾಳೆ ಅಂತ ಕಾಣುತ್ತದೆ.